ಬಗ್ಗಿ ಹೋಗುವ ಬಾಗಿಲು

ದೊಡ್ಡಮನೆಯ ಹಿಂಬದಿಗೆ ಒಂದು ಬಾಗಿಲಿತ್ತು. ಯಮ್ನಾಳ ಎದೆಮಟ್ಟಕ್ಕೂ ಬಾರದ ಬಾಗಿಲು. ಅದರಿಂದ ಹೊರಬರಲು ತಲೆ ತಗ್ಗಿಸಿದರೆ ಸಾಲದು, ಸೊಂಟ ಮಡಚಬೇಕು. ಬೆನ್ನ ಮೇಲೆ ಬುಟ್ಟಿಯಿದ್ದರೆ ಮಂಡಿಯೂರಿ ತೆವಳಬೇಕು. ಬುಟ್ಟಿಯಲ್ಲಿ ಇರುತ್ತಿದ್ದುದು ಹೇಲು.

ನಾಜೂಕಾಗಿ ಹೇಳುವುದೇಕೆ? ಹೇಲೇ. ಒಡೆಯರದು, ಒಡತಿಯರದು, ಅವರ ಮಕ್ಕಳದು, ಹಬ್ಬಕ್ಕೆ ಬಂದ ನೆಂಟರದು. ಮಹಡಿಯ ಮೇಲೆ ಸೂರಿಲ್ಲದ ಮೂಲೆಯ ಕೋಣೆಯೊಂದರ ನೆಲಕ್ಕೆ ತೂತು ಬಿಟ್ಟಿದ್ದರು. ಅಲ್ಲಿ ಕೂತವರದು ನೇರ ಕೆಳಗಿನ ಕತ್ತಲೆ ಕೋಣೆಗೆ ಬೀಳುತ್ತಿತ್ತು. ಎದ್ದವರು "ಬೂದಿ!" ಎಂದು ಕೂಗುತ್ತಿದ್ದರು. ಕೆಳಗಿದ್ದವಳು ಒಲೆಯ ಬೂದಿ ತಂದು ಅದರ ಮೇಲೆ ಎರಚಬೇಕು. ಕೋಣೆ ತುಂಬಿತೆಂದರೆ ಗೋಡೆಯಾಚೆಗಿನ ಕೇರಿಯಿಂದ ಹರಾತೀನರಿಗೆ ಹೇಳಿಕಳಿಸುತ್ತಿದ್ದರು. ಹರಾತೀನರೆಂದರೆ ಕರಿಯರು, ಒಬ್ಬನಾದರೆ ಹರ್ತಾನಿ, ಒಂದು ಕಾಲಕ್ಕೆ ಕೊಂಡು ತಂದ ಗುಲಾಮರ ಮಕ್ಕಳು ಮೊಮ್ಮಕ್ಕಳು. ಅವರು ಗುದ್ದಲಿಯಿಂದ ಅಗೆದು, ಬುಟ್ಟಿಗೆ ತುಂಬಿ, ಆ ಗಿಡ್ಡ ಬಾಗಿಲಿಂದ ತೆವಳಿ, ಖರ್ಜೂರದ ತೋಟಕ್ಕೆ ಹೊರುತ್ತಿದ್ದರು. ಗೊಬ್ಬರ ಮರಕ್ಕೆ, ಹಣ್ಣು ಒಡೆಯರಿಗೆ, ನಾತ ಹೊತ್ತವರಿಗೆ. ಮರಳುಗಾಡಿನ ಅಂಚಿನ ತಿಸ್ಕಾತ್ ಎಂಬ ಕೋಟೆಯೂರಲ್ಲಿ ಇದಕ್ಕೆ ಪದ್ಧತಿ ಎನ್ನುತ್ತಿದ್ದರು.

ಮುಂಬಾಗಿಲ ಕಥೆ ಬೇರೆ. ಎತ್ತರದ್ದು, ಕೆತ್ತನೆಯದು. ಅದರಿಂದ ಕುದುರೆ ಬರುತ್ತಿತ್ತು, ಹೇಸರಗತ್ತೆ ಬರುತ್ತಿತ್ತು, ಬೀದಿನಾಯಿ ಕೂಡ ಒಮ್ಮೊಮ್ಮೆ ನುಸುಳಿ ಬರುತ್ತಿತ್ತು. ಹರಾತೀನರು ಬರುವಂತಿರಲಿಲ್ಲ. ಬಂದರೆ ಮನೆಯ ಬರಕತ್ತು, ದೇವರು ಕೊಟ್ಟ ಏಳಿಗೆ, ಹಾಳಾಗುತ್ತದಂತೆ.

ಯಮ್ನಾಳ ಅವ್ವ ಮಬ್ರೂಕಾ ಆ ಮನೆಯ ದಾದಾ. ದಾದಾ ಎಂದರೆ ಮನೆಯಾಳು ಕರಿ ಹೆಂಗಸು. ಮಗುವಿಗೆ ಮೊಲೆ ಕೊಟ್ಟವಳೂ ದಾದಾ, ಹೇಲಿಗೆ ಬೂದಿ ಎರಚಿದವಳೂ ದಾದಾ. ಎರಡಕ್ಕೂ ಒಬ್ಬಳೇ ಸಾಕಾಗಿತ್ತು. ಆ ಕತ್ತಲೆ ಕೋಣೆಯ ಒಂದು ಬದಿಗೆ ಮೋಟುಗೋಡೆ ಎಬ್ಬಿಸಿ ಅವಳಿಗೆ ಮಲಗುವ ಜಾಗ ಮಾಡಿಕೊಟ್ಟಿದ್ದರು. ಯಮ್ನಾ ಹುಟ್ಟಿದ್ದು ಅಲ್ಲೇ. ಮಬ್ರೂಕಾ ಸತ್ತದ್ದೂ ಅಲ್ಲೇ. ಹೆಣವನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತು ತರಲು ಆ ಬಾಗಿಲು ಬಿಡಲಿಲ್ಲ. ಕಾಲು ಹಿಡಿದು ಹೊರಗೆ ಎಳೆದರು. ಹೆಣಕ್ಕೆ ಸುತ್ತಿದ ಬಿಳಿ ಕಫನ್ ಬಟ್ಟೆಯ ತುಂಬ ಹೇಲು ಹತ್ತಿಕೊಂಡಿತು. ಯಮ್ನಾ ತನ್ನ ಸೆರಗಿನಿಂದ ಒರೆಸಲು ಹೋದಳು. "ಬೇಗ ಬೇಗ, ಬಿಸಿಲೇರ್ತಿದೆ" ಎಂದರು ಯಾರೋ. ಹಾಗೇ ಮಣ್ಣು ಮಾಡಿದರು.

ಇಷ್ಟು ವರ್ಷಗಳ ಮೇಲೆ ಆ ಮನೆಗೆ ಮರ್ಯಾದೆ ಬಂತು. ಪರಂಪರೆ ಎಂಬ ಹೆಸರು ಬಂತು. ಮಣ್ಣಿನ ಗೋಡೆ ಕರಗಿ ಬೀಳುತ್ತಿದ್ದ ಮನೆಯನ್ನು ಒಡೆಯರ ಮಗ ಅಬ್ದುಲ್ ಹಾದಿ ಹಳೆಯ ಕಟ್ಟಡ ಉಳಿಸುವ ಒಂದು ಸಂಸ್ಥೆಗೆ ಒಪ್ಪಿಸಿದ. ಕಾಸಾಬ್ಲಾಂಕಾದಲ್ಲಿ ಅಂಗಡಿಗಳಿರುವ ಮನುಷ್ಯ, ಈ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಈಗ ಎದೆಗೆ ಕೈಯಿಟ್ಟು "ನಮ್ಮ ಹಿರಿಯರ ಮನೆ" ಎನ್ನತೊಡಗಿದ. ರಾಜಧಾನಿ ರಬಾತ್‌ನಿಂದ ಇಲ್ಹಾಮ್ ಎಂಬ ಹೆಣ್ಣುಮಗಳು ತಂಡ ಕಟ್ಟಿಕೊಂಡು ಬಂದಳು. ಅಳೆದರು, ಬರೆದರು, ಫೋಟೊ ಹಿಡಿದರು. ಮನೆಯನ್ನು ಹಿಂದೆ ಇದ್ದ ಹಾಗೇ ರಿಪೇರಿ ಮಾಡಿ ಮ್ಯೂಸಿಯಂ ಮಾಡುತ್ತಾರಂತೆ.

ಮಣ್ಣು ತುಳಿಯುವವರು ಯಾರು? ಮತ್ತೆ ಅದೇ ಕೇರಿಯವರು. ಯಮ್ನಾಳ ಮಗ ಬಿಲಾಲ್ ಹಲಗೆಗಳ ನಡುವೆ ಮಣ್ಣು ಸುರಿದು ಕೊರಡಿನಿಂದ ಕುಟ್ಟಿ ಕುಟ್ಟಿ ಗೋಡೆ ಎಬ್ಬಿಸಿದ. ಅಂಗೈ ಬೊಬ್ಬೆ ಒಡೆದು ಕೊರಡಿನ ಹಿಡಿಗೆ ಅಂಟುತ್ತಿತ್ತು. ಯಮ್ನಾ ನೀರು ಹೊತ್ತಳು, ಹುಲ್ಲು ಬೆರೆಸಿ ಕೆಸರು ತುಳಿದಳು. ಮುದಿ ಹಿಮ್ಮಡಿಯ ಸೀಳುಗಳಲ್ಲಿ ಹುಲ್ಲಿನ ಚೂರು ಸೇರಿಕೊಂಡು ಕೀವಾಯಿತು. ಇಲ್ಹಾಮ್ ಅವಳ ಕಾಲಿನ ಫೋಟೊ ತೆಗೆದಳು, ಕೆಸರಿನ ಜೊತೆ. ತುಂಬಾ ಚೆನ್ನಾಗಿ ಬಂದಿದೆಯಂತೆ.

ಆಮೇಲೆ ಕತ್ತಲೆ ಕೋಣೆ ಖಾಲಿ ಮಾಡುವ ಸರದಿ ಬಂತು. ಮೇಸ್ತ್ರಿ ಯಾರನ್ನೂ ಕೇಳಲಿಲ್ಲ. ಕೇರಿಯ ಹೆಂಗಸರ ಕಡೆ ಗದ್ದ ಎತ್ತಿ ತೋರಿಸಿದ, ಅಷ್ಟೇ.

"ಅವ್ವಾ, ನೀ ಹೋಗ್ಬೇಡ" ಎಂದ ಬಿಲಾಲ್. "ಎಷ್ಟೋ ವರ್ಷದ್ದು ಅದು. ವಿಷ ಆಗಿರುತ್ತೆ."

"ನಾನಲ್ದೆ ಇನ್ಯಾರು ಹೋಗ್ತಾರೋ? ರಬಾತ್‌ನೋರು ಬರ್ತಾರಾ?"

ಒಣಗಿ ಕಪ್ಪು ಇಟ್ಟಿಗೆಯಂತಾಗಿತ್ತು. ಗುದ್ದಲಿ ಬಿದ್ದಲ್ಲೆಲ್ಲ ಧೂಳು ಎದ್ದು ಮೂಗಿಗೆ, ಬಾಯಿಗೆ, ಕಣ್ಣಿಗೆ ತುಂಬಿತು. ಮೇಲುಪದರು ಒಡೆದರೆ ಒಳಗೆ ಇನ್ನೂ ಹಸಿ. ಸತ್ತವರ ಹೇಲು, ಇನ್ನೂ ಒಣಗಿರಲಿಲ್ಲ. ಒಬ್ಬ ಹೆಂಗಸು ವಾಂತಿ ಮಾಡಿಕೊಂಡಳು. ಯಮ್ನಾಗೆ ವಾಂತಿ ಬರಲಿಲ್ಲ. ಹಾಗೆ ಬಾರದೇ ಇದ್ದುದಕ್ಕೇ ತನ್ನ ಮೇಲೆ ತನಗೆ ಹೇಸಿಗೆಯಾಯಿತು. ಆ ನಾತಕ್ಕೆ ಅವಳ ಮೂಗು ಹುಟ್ಟಿದಾಗಿನಿಂದ ಒಗ್ಗಿಹೋಗಿತ್ತು.

ಎಲ್ಲ ಖಾಲಿಯಾದ ಮೇಲೆ ಮೋಟುಗೋಡೆ ಕಾಣಿಸಿತು. ಅದರ ಆಚೆ ಬದಿಗೆ, ಕೂತರೆ ಬೆನ್ನು ತಾಗುವ ಎತ್ತರದಲ್ಲಿ, ಎಣ್ಣೆ ಹಿಡಿದ ಕಪ್ಪು ಕಲೆ. ಅವ್ವ ಅಲ್ಲಿ ಒರಗಿ ಕೂರುತ್ತಿದ್ದಳು. ಮೇಲಿಂದ ಕೂಗು ಬರುವವರೆಗೆ ಕೂರುವುದು, ಬಂದರೆ ಏಳುವುದು, ಮತ್ತೆ ಬಂದು ಒರಗುವುದು. ಯಮ್ನಾ ಅಂಗೈಯನ್ನು ಆ ಕಲೆಯ ಮೇಲಿಟ್ಟಳು. ನುಣ್ಣಗಿತ್ತು. ಇಡೀ ಕೋಟೆಯಲ್ಲಿ ಮಬ್ರೂಕಾ ಬದುಕಿದ್ದಳು ಎನ್ನಲು ಉಳಿದಿದ್ದುದು ಆ ಕಲೆ ಮತ್ತು ಈ ಬಾಗಿಲು. ಬೇರೇನೂ ಇಲ್ಲ. ಗೋರಿಯ ಮೇಲಿನ ಕಲ್ಲನ್ನೂ ಹೊಳೆ ಒಯ್ದಿತ್ತು.

ಇವೆರಡನ್ನೂ ಈ ಜನ ಉಳಿಸುತ್ತಾರೆ ಎಂದುಕೊಂಡಳು. ಉಳಿಸಲಿಕ್ಕೇ ಅಲ್ಲವೇ ಅಷ್ಟು ದೂರದಿಂದ ಬಂದಿರುವುದು?

ಇಲ್ಹಾಮ್ ಹಳಬರ ಬಾಯಿಂದ ಹಳೆಯ ಸಂಗತಿ ಕೇಳಿ ದಾಖಲು ಮಾಡಿಕೊಳ್ಳುತ್ತಿದ್ದಳು. ಒಂದು ದಿನ ಯಮ್ನಾಳನ್ನೂ ಅಂಗಳದಲ್ಲಿ ಕೂರಿಸಿ ಮುಂದೆ ರೆಕಾರ್ಡರ್ ಇಟ್ಟಳು. ಪಕ್ಕದಲ್ಲಿ ಅಬ್ದುಲ್ ಹಾದಿ ಪುದೀನಾ ಚಹಾ ಹೀರುತ್ತಿದ್ದ. ಅವನ ಕೆಳಗೆ ದಿಂಬು, ಯಮ್ನಾಳ ಕೆಳಗೆ ನೆಲ. ಮೇಲಿನವರನ್ನು ಕೇರಿಯವರು ಸೀದಿ, ಲಾಲ್ಲಾ ಎಂದೇ ಕರೆಯಬೇಕಿತ್ತು, ಒಡೆಯಾ, ಒಡತೀ ಎಂದ ಹಾಗೆ.

"ದಾದಾ, ಮದುವೆ ಹಾಡು ಹೇಳಿ" ಎಂದಳು ಇಲ್ಹಾಮ್. "ಮದರಂಗಿ ಹೇಗೆ ಅರೀತಿದ್ರಿ? ರೊಟ್ಟಿ ಹೇಗೆ ಸುಡ್ತಿದ್ರಿ?"

"ಹಾಡು ಆಮೇಲೆ ಲಾಲ್ಲಾ. ಮೊದಲು ಹಿಂದಿನ ಬಾಗಿಲದ್ದು ಬರ್ಕೊಳ್ಳಿ. ನಮ್ಮವ್ವನ್ನ ಕಾಲು ಹಿಡಿದು ಎಳೆದ್ರು ಅದರಲ್ಲಿ."

ಅಬ್ದುಲ್ ಹಾದಿ ಲೋಟ ಕೆಳಗಿಟ್ಟು ನಕ್ಕ. "ನಮ್ಮ ದಾದಾ ಯಾವಾಗ್ಲೂ ಹೀಗೇ, ತಮಾಷೆ ಜಾಸ್ತಿ. ಮಬ್ರೂಕಾ ನಮ್ಮ ಮನೆ ಹೆಂಗಸೇ. ನಮ್ಮಪ್ಪ ಅವಳ ಹಾಲು ಕುಡಿದು ಬೆಳೆದೋನು. ನಮ್ಮಲ್ಲಿ ಆಳು ಅನ್ನೋ ಮಾತೇ ಇರಲಿಲ್ಲ. ಎಲ್ಲರೂ ಒಂದೇ ಸಂಸಾರ."

"ಹೌದು ಸೀದಿ. ಸಂಸಾರದವ್ರು ಮೇಲೆ ಕೂರ್ತಿದ್ರು, ನಾವು ಕೆಳಗಿರ್ತಿದ್ವಿ."

ಇಲ್ಹಾಮ್ ರೆಕಾರ್ಡರ್ ಆರಿಸಿದಳು. ಗಟ್ಟಿ ಸದ್ದೇನೂ ಮಾಡದ ಸಣ್ಣ ಗುಂಡಿ ಅದು. ಅಬ್ದುಲ್ ಹಾದಿಗೆ ಫೋನ್ ಬಂದು ಅವನು ಆಚೆ ಹೋದಾಗ ಅವಳು ಯಮ್ನಾಳ ಕಡೆ ಬಾಗಿದಳು.

"ನನಗೆ ಗೊತ್ತಿಲ್ಲ ಅಂದ್ಕೋಬೇಡಿ ದಾದಾ. ಆ ಕೋಣೆ ಏನು ಅಂತ ಮೊದಲ ದಿನವೇ ಗೊತ್ತಾಯ್ತು. ಆದರೆ ಮನೆ ಕೊಟ್ಟೋರು ಅವರು. ಅವರು ಒಪ್ಪದೇ ಇದ್ರೆ ಇಡೀ ಮನೆ ಬಿದ್ದುಹೋಗುತ್ತೆ. ಒಂದು ಕೋಣೆಗೋಸ್ಕರ ಇಡೀ ಮನೆ ಕಳ್ಕೊಳ್ಳೋಣವಾ?"

"ಬೀಳ್ಲಿ."

"ಹಾಗನ್ನಬಾರದು. ಇದು ನಿಮ್ಮ ಪರಂಪರೆ ಕೂಡ."

ಯಮ್ನಾ ಎದ್ದಳು. ಚಹಾ ಮುಟ್ಟಿರಲಿಲ್ಲ.

ಮಾರನೆಯ ವಾರ ಅಪ್ಪಣೆಯಾಯಿತು. ಗಿಡ್ಡ ಬಾಗಿಲನ್ನು ಮುಚ್ಚಿ ಗೋಡೆ ಮಾಡಬೇಕು. ಮೋಟುಗೋಡೆ ಕೆಡವಬೇಕು. ಅಂಗಳದ ಕಡೆಗಿದ್ದ ಸಂದನ್ನು ಅಗಲಿಸಿ ಹೊಸ ಬಾಗಿಲು ಕೊರೆಯಬೇಕು. ನೆಲಕ್ಕೂ ಗೋಡೆಗೂ ಹೊಸ ಗಾರೆ ಬಳಿಯಬೇಕು. ಕತ್ತಲೆ ಕೋಣೆ ಇನ್ನು ಮೇಲೆ ಕಣಜ. ನಡುವೆ ಗೋಧಿ ರಾಶಿ ಸುರಿಯುತ್ತಾರೆ. ಮೇಲಿನ ತೂತಿಗೂ ಹೆಸರು ಸಿಕ್ಕಿತ್ತು. ಅದು ಬೆಳಕಿಂಡಿ. ಮಧ್ಯಾಹ್ನ ಆ ತೂತಿನಿಂದ ಬಿಸಿಲ ಕೋಲು ನೇರ ಇಳಿದು ಗೋಧಿಯ ಮೇಲೆ ಬೀಳುತ್ತದೆ. ಅದರ ಅಂದ ನೋಡಿ ಫೋಟೊದವನು ನಾಲಿಗೆ ಚಪ್ಪರಿಸಿದ್ದ. ಅದಕ್ಕೇ ಅದನ್ನು ಮುಚ್ಚಲಿಲ್ಲ, ಜಾಲರಿ ಕೂಡ ಹಾಕಲಿಲ್ಲ. ಹಿಂದೆ ಇದ್ದ ಹಾಗೇ ಇರಬೇಕಲ್ಲ!

ಬಾಗಿಲು ಮುಚ್ಚುವ ಕೆಲಸ ಬಿಲಾಲನ ಪಾಲಿಗೆ ಬಂತು. ಜೊತೆಗೆ ಒಂದು ಮಾತೂ ಬಂತು: ಮ್ಯೂಸಿಯಂಗೆ ಕಾವಲುಗಾರ ಬೇಕು, ಖಾಯಂ ಕೆಲಸ, ಬಟ್ಟೆ ಅವರೇ ಕೊಡುತ್ತಾರೆ. ಬಿಲಾಲ್ ಅದನ್ನು ಹೇಳುತ್ತಾ ರೊಟ್ಟಿ ಮುರಿದ. ಯಮ್ನಾ ಅವನ ಕೈಯನ್ನೇ ನೋಡುತ್ತಿದ್ದಳು.

"ಮುಚ್ತೀಯಾ?"

"ಮುಚ್ತೀನಿ."

"ಅದು ಬಾಗಿಲಲ್ಲ ಕಣೋ, ನಿನ್ನ ಅಜ್ಜಿ ಬಾಯಿ. ಅದಕ್ಕೆ ಮಣ್ಣು ತುರುಕ್ತಿದ್ದೀಯ."

ಬಿಲಾಲ್ ರೊಟ್ಟಿ ಕೆಳಗಿಟ್ಟ. ಅವನ ದನಿ ಏರಿತು. "ಅವ್ವಾ, ಅದೇನು ದರ್ಗಾನಾ, ಕಾಪಾಡೋಕೆ? ನಾವು ಹೇಲು ಹೊತ್ತ ಬಾಗಿಲು ಅದು! ನನ್ನ ಮಗಳು ನಾಳೆ ಶಾಲೆಯೋರ ಜೊತೆ ಅಲ್ಲಿಗೆ ಬರ್ತಾಳೆ. 'ಇಲ್ಲಿಂದ ನಿನ್ನ ಮುತ್ತಜ್ಜಿ ತೆವಳ್ತಿದ್ಲು' ಅಂತ ಎಲ್ಲರ ಮುಂದೆ ತೋರಿಸ್ಬೇಕಾ? ಮುಚ್ಚಿಹೋಗ್ಲಿ. ನಮ್ಮ ಅವಮಾನ ನಾವೇ ಯಾಕೆ ಪಾಲಿಶ್ ಮಾಡಿ ಇಟ್ಕೋಬೇಕು?"

"ಅವಮಾನ ಹೊರಿಸಿದೋರದ್ದು. ಹೊತ್ತೋಳದ್ದು ಹೇಗಾಗುತ್ತೋ?"

"ನಿನಗೆ ಬಾಗಿಲು ಬೇಕು. ನನಗೆ ಕೆಲಸ ಬೇಕು."

ಮಗ ಸುಳ್ಳು ಹೇಳಿರಲಿಲ್ಲ. ಯಮ್ನಾ ಗೋಡೆಯ ಕಡೆ ಹೊರಳಿ ಮಲಗಿದಳು. ಬೆಳಿಗ್ಗೆ ಎದ್ದು ಬಿಲಾಲ್ ಬಾಗಿಲು ಮುಚ್ಚಿದ. ಆ ದಿನ ಕೆಸರು ತುಳಿದದ್ದೂ ಅವಳೇ. ಮಗ ತನ್ನ ಅಜ್ಜಿಯ ಬೆನ್ನಿನ ಕಲೆಯನ್ನು ಕೆಡವಿ, ಅದರ ಮಣ್ಣನ್ನೇ ಮತ್ತೆ ಕಲಸಿ, ಬಾಗಿಲಿಗೆ ತುಂಬಿ ಕುಟ್ಟಿದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಉದ್ಘಾಟನೆಯ ದಿನ ಬಂತು. ದೊಡ್ಡಮನೆಯ ಮುಂದೆ ಕಂಬಳಿ ಹಾಸಿದರು, ತಟ್ಟೆ ತಟ್ಟೆ ಖರ್ಜೂರ ಇಟ್ಟರು. ಕೇರಿಯ ಹೆಂಗಸರಿಗೆ ಬಣ್ಣದ ಬಟ್ಟೆ ಹಂಚಿ, ತಮಟೆ ಹಿಡಿಸಿ ಸಾಲಾಗಿ ನಿಲ್ಲಿಸಿದರು. ಯಮ್ನಾಗೆ ಬೇರೆ ಜಾಗ. ಕಣಜದ ಮೂಲೆಯಲ್ಲಿ ಬೀಸುವ ಕಲ್ಲಿನ ಮುಂದೆ ಕೂರಬೇಕು. ಅತಿಥಿಗಳು ಬಂದಾಗ ಕಲ್ಲು ತಿರುಗಿಸಬೇಕು, ನಗಬೇಕು. ಗಿಡ್ಡ ಬಾಗಿಲು ಹೋದ ಮೇಲೆ ಮುಂಬಾಗಿಲೊಂದೇ ದಾರಿ. ಅತಿಥಿಗಳು ಬರುವ ಮೊದಲೇ ಅವಳನ್ನು ಅದರಿಂದ ಸರಸರನೆ ಒಳಗೆ ದಾಟಿಸಿ ಕೂರಿಸಿದ್ದರು.

ಗೋಡೆಯ ಮೇಲೆ ಫಲಕಗಳಿದ್ದವು. ಅವಳಿಗೆ ಓದಲು ಬಾರದು. ನೀಲಿ ಸಮವಸ್ತ್ರ ತೊಟ್ಟು ಬಾಗಿಲಲ್ಲಿ ನಿಂತಿದ್ದ ಬಿಲಾಲನನ್ನು ಕೇಳಿದಳು.

"ಅಲ್ಲಿ ಏನಂತ ಬರೆದಿದ್ದಾರೆ?"

"ಕಣಜ ಅಂತ."

"ಆ ಬುಟ್ಟಿ ಕೆಳಗೆ?"

ಬಿಲಾಲ್ ತಡೆದು ಹೇಳಿದ, "ಖರ್ಜೂರದ ಬುಟ್ಟಿ ಅಂತ."

ಗೂಟಕ್ಕೆ ನೇತುಹಾಕಿದ್ದ ಆ ಬುಟ್ಟಿಯನ್ನು ಯಮ್ನಾ ಗುರುತು ಹಿಡಿದಿದ್ದಳು. ಅದರ ಪಟ್ಟಿ ಹಣೆಗೆ ಒತ್ತಿದ ಗೆರೆ ಇನ್ನೂ ಅವಳ ಹಣೆಯ ಮೇಲಿತ್ತು. ಚೆನ್ನಾಗಿ ತೊಳೆದಿದ್ದರು. ಅದರ ಪಕ್ಕದಲ್ಲಿ ಬಿಲಾಲನ ಕೊರಡೂ ನೇತಾಡುತ್ತಿತ್ತು. ಅದಕ್ಕೂ ಒಂದು ಫಲಕ.

ಮಧ್ಯಾಹ್ನದ ಹೊತ್ತಿಗೆ ಅತಿಥಿಗಳು ಒಳಬಂದರು. ರಾಜಧಾನಿಯ ದೊಡ್ಡ ಅಧಿಕಾರಿ, ಬಿಳಿಯ ವಿದೇಶಿಯರು, ಕ್ಯಾಮೆರಾದವರು, ಕಾಸಾಬ್ಲಾಂಕಾದಿಂದ ಕಾರುಗಳಲ್ಲಿ ಬಂದ ದೊಡ್ಡಮನೆಯ ನೆಂಟರು. ಬಿಸಿಲ ಕೋಲು ಗೋಧಿ ರಾಶಿಯ ನೆತ್ತಿಗೇ ಇಳಿದಿತ್ತು. ಎಲ್ಲರೂ "ಆಹಾ" ಎಂದರು. ಇಲ್ಹಾಮ್ ಬೆರಳು ಮೇಲೆತ್ತಿ ವಿವರಿಸತೊಡಗಿದಳು. ಬೆಳಕೂ ಗಾಳಿಯೂ ಆಡಲೆಂದು ಹಿಂದಿನವರು ಎಷ್ಟು ಜಾಣತನದಿಂದ ಈ ಬೆಳಕಿಂಡಿ ಬಿಟ್ಟಿದ್ದಾರೆ ಎಂದಳು. ಅನ್ನದ ಮೇಲೆ ಅವರಿಗೆಂಥ ಭಕ್ತಿ ಎಂದಳು. ದೊಡ್ಡ ಅಧಿಕಾರಿ ಬಾಗಿ ಒಂದು ಮುಷ್ಟಿ ಗೋಧಿ ಎತ್ತಿ ಮೂಸಿ ನೋಡಿದ.

ಆಗ ಬೆಳಕು ಆರಿತು.

ಕೋಣೆ ಇದ್ದಕ್ಕಿದ್ದಂತೆ ಕತ್ತಲಾಯಿತು. ಎಲ್ಲರೂ ಮುಖ ಮೇಲೆತ್ತಿದರು. ತೂತಿನ ಮೇಲೆ ಯಾರೋ ಕೂತಿದ್ದರು. ಏನಾಗುತ್ತಿದೆಯೆಂದು ಅಲ್ಲಿದ್ದವರಲ್ಲಿ ಯಮ್ನಾ ಒಬ್ಬಳಿಗೇ ತಿಳಿಯಿತು. ಅವಳು ಕಲ್ಲನ್ನು ಗೋಡೆಯ ಬದಿಗೆ ಸರಿಸಿಕೊಂಡಳು.

ನೀರು ನೀರಾಗಿ ಬಿತ್ತು. ಆಮೇಲೆ ಗಟ್ಟಿಯಾಗಿ ಬಿತ್ತು. ಗೋಧಿಯ ನೆತ್ತಿಯ ಮೇಲೆ, ಅಧಿಕಾರಿಯ ತೋಳಿನ ಮೇಲೆ, ಇಲ್ಹಾಮಳ ಬಿಳಿ ಜುಬ್ಬದ ಮೇಲೆ ಸಿಡಿಯಿತು. ಒಬ್ಬ ವಿದೇಶಿ ಹೆಂಗಸು ಕಿರುಚಿದಳು. ಮತ್ತೆ ಬೆಳಕು ಬಂತು. ಬಿಸಿಲ ಕೋಲು ಅದರ ಮೇಲೇ ಬಿದ್ದು ಹಬೆಯಾಡುವುದು ಕಾಣಿಸಿತು. ಬೆನ್ನಿಗೇ ಮೇಲಿಂದ ನಡುಗುವ ಮುದಿ ದನಿಯೊಂದು ಕೂಗಿತು.

"ಮಬ್ರೂಕಾ! ಏ ಮಬ್ರೂಕಾ! ಬೂದಿ ಹಾಕೇ! ಸತ್ತೆಯೇನೇ?"

ಅಬ್ದುಲ್ ಹಾದಿಯ ಸೋದರತ್ತೆ ಲಾಲ್ಲಾ ಕೆಂಜಾ. ತೊಂಬತ್ತು ದಾಟಿದ ಮುದುಕಿ. ಮನೆ ತೆರೆಯುವ ದಿನ ಹಿರಿಯ ತಲೆಯೊಂದು ಇರಲಿ ಎಂದು ಕರೆತಂದು ಮಹಡಿಯಲ್ಲಿ ಕೂರಿಸಿದ್ದರು. ಮಗಳ ಹೆಸರು ಮರೆತಿದ್ದಳು, ಮೊಮ್ಮಕ್ಕಳ ಮುಖ ಮರೆತಿದ್ದಳು. ಹುಟ್ಟಿದ ಮನೆಯ ಕಕ್ಕಸು ಮರೆತಿರಲಿಲ್ಲ. ಹಿಂದೆ ಇದ್ದ ಹಾಗೇ ಇಟ್ಟ ಮನೆಯಲ್ಲಿ, ಹಿಂದೆ ಮಾಡುತ್ತಿದ್ದ ಹಾಗೇ ಎದ್ದು ಹೋಗಿ, ಕೂತು, ಎದ್ದಳು.

"ಮಬ್ರೂಕಾ! ಬೂದಿ!"

ಯಮ್ನಾಳ ಕಾಲುಗಳು ತಾವಾಗಿಯೇ ಮಡಚಿಕೊಂಡು ಏಳಲು ಹೊರಟಿದ್ದವು. ಬೂದಿಗಾಗಿ ಕೈ ಪಕ್ಕಕ್ಕೆ ಚಾಚಿತ್ತು. ಅರವತ್ತೈದರ ಹೆಂಗಸು, ಮೊಮ್ಮಗಳನ್ನು ಕಂಡವಳು, ಆ ಒಂದು ಕೂಗಿಗೆ ಅವಳ ಮೈ ಇನ್ನೂ ಕುಣಿಯುತ್ತಿತ್ತು! ಅವಳಿಗೆ ಲಾಲ್ಲಾ ಕೆಂಜಾಳ ಹೇಲಿಗಿಂತ ತನ್ನ ಆ ಕೈ ಕಂಡು ಅಸಹ್ಯವಾಯಿತು. ಕೈಯನ್ನು ಹಿಂದಕ್ಕೆಳೆದು ಮುಷ್ಟಿ ಬಿಗಿದಳು. ಎದ್ದು ನಿಂತಳು. ತೂತಿನ ಕಡೆ ಮುಖವೆತ್ತಿದಳು.

"ಮಬ್ರೂಕಾ ಸತ್ತಳು, ಕೆಂಜಾ!" ಎಂದು ಕೂಗಿದಳು. "ಇದೇ ಕೋಣೆಯಲ್ಲಿ ಸತ್ತಳು! ನಿನ್ನ ಬೂದಿ ನೀನೇ ಹಾಕ್ಕೋ!"

ಕೇರಿಯ ಹೆಣ್ಣೊಂದು ಆ ಮನೆಯ ಹೆಣ್ಣನ್ನು ಲಾಲ್ಲಾ ಎನ್ನದೆ ಕರೆದದ್ದು ಅದೇ ಮೊದಲು. ಕ್ಯಾಮೆರಾದವರು ಕ್ಯಾಮೆರಾ ಕೆಳಗಿಳಿಸಿರಲಿಲ್ಲ. ಅಬ್ದುಲ್ ಹಾದಿ ಮುಖ ಕೆಂಪಾಗಿ ಅವಳ ಹತ್ತಿರ ಬಂದು ಪಿಸುಗುಟ್ಟಿದ.

"ದಾದಾ, ಮುದುಕಿಗೆ ಬುದ್ಧಿ ಸ್ಥಿಮಿತ ಇಲ್ಲ. ನೀನು ನಮ್ಮನೆಯೋಳು. ಮಾನ ಉಳಿಸು. ಬೇಗ ಬಳಿದು ಆಚೆ ಹಾಕ್ಬಿಡು."

"ಎಲ್ಲಿಂದ ಹಾಕ್ಲಿ?"

"ಏನು?"

"ಯಾವ ಬಾಗಿಲಿಂದ ಹಾಕ್ಲಿ ಅಂತ ಕೇಳ್ದೆ. ಇದು ಹೋಗ್ತಿದ್ದ ಬಾಗಿಲನ್ನ ನೀನು ಮುಚ್ಚಿಸಿದ್ದೀಯಲ್ಲ, ಅಬ್ದುಲ್ ಹಾದಿ. ಇನ್ನು ಮುಂಬಾಗಿಲೇ. ಕಂಬಳಿ ಮೇಲೆ, ಖರ್ಜೂರದ ತಟ್ಟೆಗಳ ನಡುವೆ ಹೊತ್ಕೊಂಡು ಹೋಗ್ಲಾ? ಮನೆಯ ಬರಕತ್ತು ಏನಾಗುತ್ತೆ?"

ಸೀದಿ ಇಲ್ಲ. ನೀವು ಇಲ್ಲ. ಅಬ್ದುಲ್ ಹಾದಿಗೆ ಆ ಏಕವಚನ ಕಪಾಳಕ್ಕೆ ಬಿದ್ದಂತಾಯಿತು. ಅವನು ಬಾಗಿಲಲ್ಲಿದ್ದ ಬಿಲಾಲನ ಕಡೆ ತಿರುಗಿ ಹಲ್ಲು ಕಡಿದ. "ಏ ಹರ್ತಾನಿ! ನಿಂತು ನೋಡ್ತೀಯಾ? ಸಲಿಕೆ ತಾ! ಕೆಲಸ ಬೇಕೋ ಬೇಡ್ವೋ ನಿನಗೆ?"

ಬಿಲಾಲ್ ಸಲಿಕೆ ತಂದ. ಹೊಸ ಸಮವಸ್ತ್ರದ ತೋಳು ಮಡಚಿದ. ಗೋಧಿ ರಾಶಿಯ ಮುಂದೆ ಬಾಗಿದ. ಅವ್ವ ಅವನನ್ನು ತಡೆಯಲಿಲ್ಲ, ಬಯ್ಯಲಿಲ್ಲ. ಮೇಲಿಂದ ಆ ದನಿ ಮತ್ತೆ ಕೂಗಿತು, "ಮಬ್ರೂಕಾ! ಏ ಕರಿಯವಳೇ! ಎಷ್ಟೊತ್ತೇ?"

ಬಿಲಾಲ್ ಎಂದೂ ಕಾಣದ ಅಜ್ಜಿಗೆ ಬಂದ ಕೂಗು ಅದು. ಬಾಗಿದ್ದವನು ಹಾಗೇ ನಿಂತುಹೋದ. ತಾನೀಗ ಯಾರ ಕೂಗಿಗೆ ಬಾಗಿದ್ದೇನೆ ಎಂದು ಅವನಿಗೆ ಹೊಳೆಯಿತು. ಸಲಿಕೆಯನ್ನು ಬಿಸಾಡಿದ. ಗೂಟದ ಮೇಲಿದ್ದ ಕೊರಡನ್ನು ಫಲಕದ ಸಮೇತ ಕಿತ್ತುಕೊಂಡ. ಹಿಂದಿನ ಗೋಡೆಗೆ ಹೋಗಿ ಎತ್ತಿ ಕುಟ್ಟಿದ. ತಾನೇ ಕಟ್ಟಿದ ಗೋಡೆ, ಇನ್ನೂ ಪೂರ್ತಿ ಒಣಗಿರಲಿಲ್ಲ. ಗಾರೆ ಸಿಪ್ಪೆಯಂತೆ ಉದುರಿತು. ಅಳುತ್ತಿದ್ದ, ಕುಟ್ಟುತ್ತಿದ್ದ. "ಏ ಏ" ಎಂದು ಯಾರೋ ಅವನ ತೋಳು ಹಿಡಿಯಲು ಬಂದರು. ಕೊರಡು ಬೀಸುವ ರಭಸ ನೋಡಿ ಹಿಂದೆ ಸರಿದರು. ಮಣ್ಣು ಬಿತ್ತು. ಆಚೆ ತೋಟದ ಹಸಿರು ಕಾಣಿಸಿತು. ಗಿಡ್ಡ ಬಾಗಿಲು ಅಲ್ಲೇ ಇತ್ತು, ಎಲ್ಲಿ ಇತ್ತೋ ಅಲ್ಲೇ.

ಅಬ್ದುಲ್ ಹಾದಿ ನಿಟ್ಟುಸಿರು ಬಿಟ್ಟ. "ಹಾಂ, ಸರಿ ಸರಿ, ಅಲ್ಲಿಂದಲೇ ಹಾಕಿ. ಬೇಗ" ಎಂದ. ಅವನಿಗೆ ಹಾಗೆ ಅರ್ಥವಾಗಿತ್ತು. ಇಲ್ಹಾಮ್ ಗೋಡೆಗೆ ಒರಗಿ ಜುಬ್ಬ ಒರೆಸಿಕೊಳ್ಳುತ್ತಿದ್ದಳು. ಬಾಗಿಲ ಕಡೆ ನೋಡಲಿಲ್ಲ.

ಯಮ್ನಾ ಗೂಟದಿಂದ ಬುಟ್ಟಿ ತೆಗೆದಳು. ಅದರ ಪಟ್ಟಿಯನ್ನು ಎರಡು ಸಲ ಎಳೆದು ಗಟ್ಟಿಯಿದೆಯೇ ಎಂದು ನೋಡಿದಳು, ಕೆಲಸಕ್ಕೆ ಇಳಿಯುವ ಮೊದಲು ನೋಡುತ್ತಿದ್ದ ಹಾಗೆ. ಆಮೇಲೆ ಅದನ್ನು ಅಬ್ದುಲ್ ಹಾದಿಯ ಕಾಲ ಬಳಿ ಇಟ್ಟಳು.

"ನಿನ್ನ ಅತ್ತೆದು" ಎಂದಳು. "ನಿನ್ನ ಮನೆಯದು. ತುಂಬ್ಕೋ. ಪಟ್ಟಿ ಹಣೆಗೆ ಕೊಡು, ಭುಜಕ್ಕೆ ಕೊಟ್ರೆ ಜಾರುತ್ತೆ. ಬಾಗಿಲ ಹತ್ರ ಮಂಡಿಯೂರು. ತಲೆ ಎತ್ತಬೇಡ, ಎತ್ತಿದ್ರೆ ಕುತ್ತಿಗೆ ಒಳಗೆ ಸುರಿಯುತ್ತೆ."

ಬಿಲಾಲ್ ಸಮವಸ್ತ್ರದ ಅಂಗಿಯ ಗುಂಡಿ ಬಿಚ್ಚುತ್ತಿದ್ದ. ಬಿಚ್ಚಿ ಗೋಧಿಯ ಮೇಲೆ ಎಸೆದ. ಯಮ್ನಾ ಅವನ ಬರಿಯ ತೋಳು ಹಿಡಿದುಕೊಂಡಳು. ಇಬ್ಬರೂ ಅಂಗಳ ದಾಟಿ, ಕಂಬಳಿಯ ಮೇಲೆ ನಡೆದು, ಮುಂಬಾಗಿಲಿಂದ ಹೊರಬಂದರು. ಸಾಲಾಗಿ ನಿಂತಿದ್ದ ಕೇರಿಯ ಹೆಂಗಸರು ತಮಟೆ ಬಡಿಯುವುದು ನಿಲ್ಲಿಸಿದರು. ಒಳಗೆ ಮುದುಕಿ ಬೂದಿಗಾಗಿ ಕೂಗುತ್ತಲೇ ಇದ್ದಳು.